ಭರತದ ವೇಳೆ ನೋಡಿ ಹೊರಡಿ: ಕರಾವಳಿಯ ಅಳಿವೆಗಳಲ್ಲಿ ವಲಸೆ ಹಕ್ಕಿ ನೋಡುವ ಕ್ರಮ

ಚೌತಿಯ ಹೊತ್ತಿಗೆ ಮಳೆ ನಡುನಡುವೆ ಬಿಡುವು ಕೊಡತೊಡಗುತ್ತದೆ. ಆಗ ಕಾರವಾರದಿಂದ ಉಳ್ಳಾಲದವರೆಗಿನ ಅಳಿವೆಗಳಿಗೆ (ಹೊಳೆ ಕಡಲು ಸೇರುವ ಜಾಗಗಳಿಗೆ) ಟಿಬೆಟ್ ಪ್ರಸ್ಥಭೂಮಿ, ಮಧ್ಯ ಏಷ್ಯಾ, ಸೈಬೀರಿಯಾಗಳಿಂದ ಹಕ್ಕಿಗಳು ಬಂದಿಳಿಯುತ್ತವೆ. ಕಾಡಿನ ಹಕ್ಕಿ ನೋಡಿ ಅಭ್ಯಾಸವಾದವರು ಇಲ್ಲಿಗೂ ಬೆಳಿಗ್ಗೆ ಆರೂವರೆಗೆ ಬಂದು ನಿಲ್ಲುತ್ತಾರೆ. ಅರ್ಧ ಕಿಲೋಮೀಟರ್ ಆಚೆ ಕೆಸರಿನಲ್ಲಿ ಓಡಾಡುವ ಚುಕ್ಕಿಗಳನ್ನಷ್ಟೇ ಕಂಡು, ಇಲ್ಲವೇ ತುಂಬಿದ ನೀರನ್ನು ಮಾತ್ರ ನೋಡಿ ಹಿಂದಿರುಗುತ್ತಾರೆ. ಅಷ್ಟರಿಂದ ಆ ಜಾಗದಲ್ಲಿ ಹಕ್ಕಿಯೇ ಇಲ್ಲ ಎನ್ನಲಾಗದು. ಕಡಲಂಚಿನ ಹಕ್ಕಿಗಳ ದಿನಚರಿ ನಡೆಯುವುದು ನೀರಿನ ಏರಿಳಿತದ, ಅಂದರೆ ಭರತ-ಇಳಿತಗಳ ಮೇಲೆ. ಅದನ್ನು ಓದಲು ಕಲಿತವರಿಗೆ ಸಾಧಾರಣ ದುರ್ಬೀನಿನಲ್ಲೂ ಹಕ್ಕಿ ಚೆನ್ನಾಗಿ ಸಿಗುತ್ತದೆ. ಕಲಿಯದವರಿಗೆ ದೊಡ್ಡ ಲೆನ್ಸ್ ಇದ್ದರೂ ಅದು ಸಾಲದು.

ಯಾವ ತಿಂಗಳಲ್ಲಿ ಯಾರು

ಕೆಸರಿನಲ್ಲಿ ಮೇಯುವ ಸ್ಯಾಂಡ್‌ಪೈಪರ್, ಪ್ಲೋವರ್ ಜಾತಿಯ ಹಕ್ಕಿಗಳ ಮೊದಲ ತಂಡಗಳು ಆಗಸ್ಟ್ ಕೊನೆಯ ವಾರದಿಂದಲೇ ಬರುತ್ತವೆ. ಮುಂಚೆ ಬರುವವು ವಯಸ್ಕ ಹಕ್ಕಿಗಳು, ಮರಿಗಳು ಅವುಗಳ ಹಿಂದೆ. ಹಾಗಾಗಿ ಸೆಪ್ಟೆಂಬರ್ ಮೊದಲ ಭಾಗದಲ್ಲಿ ಕಾಣುವ ಕರ್ಲ್ಯೂ ಸ್ಯಾಂಡ್‌ಪೈಪರ್‌ಗಳ ಹೊಟ್ಟೆಯಲ್ಲಿ ಇಟ್ಟಿಗೆ ಕೆಂಪಿನ ತೇಪೆಗಳು ಇನ್ನೂ ಉಳಿದಿರುತ್ತವೆ, ಗ್ರೇ ಪ್ಲೋವರ್‌ಗಳ ಎದೆಯಲ್ಲಿ ಕಪ್ಪು ಮಾಸುತ್ತಿರುತ್ತದೆ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗೆ ಆ ವರ್ಷದ ಮರಿಗಳು ಸೇರಿಕೊಳ್ಳುತ್ತವೆ. ಬೆನ್ನಿನ ಪ್ರತಿ ಗರಿಗೂ ತಿಳಿಬಣ್ಣದ ಅಂಚು ಇರುವುದರಿಂದ ಮೈಮೇಲೆ ಮೀನಿನ ಹುರುಪೆಯಂಥ ವಿನ್ಯಾಸ ಕಂಡರೆ ಅದು ಮರಿ. ನವೆಂಬರ್ ಹೊತ್ತಿಗೆ ಎಲ್ಲವೂ ಬೂದು. ಹೊಸಬರು ಶುರುಮಾಡಲು ಸೆಪ್ಟೆಂಬರ್ ಕೊನೆಯೇ ಒಳ್ಳೆಯದು ಎನ್ನುವುದಕ್ಕೆ ಇದೇ ಕಾರಣ. ಬಣ್ಣದ ಸುಳಿವು ಇರುವಾಗ ಆಕಾರ ಕಲಿತರೆ ಡಿಸೆಂಬರಿನ ಬೂದು ಗುಂಪಿನಲ್ಲೂ ಅದೇ ಹಕ್ಕಿಯನ್ನು ಹಿಡಿಯಬಹುದು.

ಗಲ್‌ಗಳೆಂಬ ಕಡಲಹಕ್ಕಿಗಳಿಗೆ ಅವಸರವಿಲ್ಲ. ಬ್ರೌನ್-ಹೆಡೆಡ್, ಬ್ಲ್ಯಾಕ್-ಹೆಡೆಡ್ ಗಲ್‌ಗಳು ಅಕ್ಟೋಬರ್‌ನಿಂದ ಹೆಚ್ಚಾಗುತ್ತ ಹೋಗಿ ನವೆಂಬರಿನಲ್ಲಿ ಮೀನು ಬಂದರುಗಳನ್ನು ತುಂಬುತ್ತವೆ. ಆಗಸ್ಟಿನಲ್ಲೇ ಬಂದು ಗಲ್ ಕಾಣಲಿಲ್ಲವೆಂದು ಬೇಸರಪಡಬೇಕಿಲ್ಲ.

ಇನ್ನೊಂದು ವಿಷಯ. ಜೂನ್-ಜುಲೈನಲ್ಲೂ ಕೆಲವು ವಿಂಬ್ರೆಲ್, ಸ್ಯಾಂಡ್ ಪ್ಲೋವರ್‌ಗಳು ಇಲ್ಲೇ ಇರುತ್ತವೆ. ಅವು ಬೇಗ ಬಂದ ವಲಸಿಗರಲ್ಲ. ಹೆಚ್ಚಿನವು ಇನ್ನೂ ಗೂಡುಕಟ್ಟುವ ವಯಸ್ಸಿಗೆ ಬಾರದ, ಬೇಸಿಗೆಯಲ್ಲಿ ಉತ್ತರಕ್ಕೆ ಹೋಗದೆ ಉಳಿದ ಹಕ್ಕಿಗಳು. ದಾಖಲೆ ಬರೆಯುವಾಗ ಇದು ನೆನಪಿರಲಿ.

ದಿನ ಆರಿಸುವುದು

ಗೋಡೆಯ ಕ್ಯಾಲೆಂಡರಿನಲ್ಲಿ ತಿಥಿ ನೋಡಿ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ, ಮತ್ತು ವೇಳೆ ದಿನಕ್ಕೆ ಸುಮಾರು 50 ನಿಮಿಷದಷ್ಟು ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಮತ್ತು ಅವು ಕಳೆದ ಒಂದೆರಡು ದಿನಗಳಲ್ಲಿ ನೀರು ಅತಿ ಹೆಚ್ಚು ಏರಿ ಅತಿ ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಸುತ್ತ ಏರಿಳಿತ ಮಂದ. ಉತ್ತರಕ್ಕೆ ಹೋದಂತೆ ಏರಿಳಿತದ ಅಂತರ ಹೆಚ್ಚು, ಅಂದರೆ ಮಂಗಳೂರಿಗಿಂತ ಕಾರವಾರದಲ್ಲಿ ಹೆಚ್ಚು ಕೆಸರು ತೆರೆಯುತ್ತದೆ.

ಅಮಾವಾಸ್ಯೆ-ಹುಣ್ಣಿಮೆಗಳಲ್ಲಿ ಇಲ್ಲಿ ಹಗಲಿನ ಭರತ ಪೂರ್ತಿಯಾಗುವುದು ಹೆಚ್ಚುಕಡಿಮೆ ಹನ್ನೊಂದರಿಂದ ಹನ್ನೆರಡು ಗಂಟೆಯ ಆಸುಪಾಸಿನಲ್ಲಿ. ಇಳಿತ ನಸುಕಿನಲ್ಲೇ ಮುಗಿದಿರುತ್ತದೆ. ಹಾಗಾಗಿ ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ನೀರು ಏರುತ್ತಿರುತ್ತದೆ. ಹಕ್ಕಿ ನೋಡಲು ಬೇಕಾದದ್ದು ಈ ಮೂರು ಗಂಟೆ. ಪೂರ್ತಿ ಇಳಿತದಲ್ಲಿ ಹಕ್ಕಿಗಳು ಇಡೀ ಕೆಸರುಬಯಲಿಗೆ ಹರಡಿಕೊಂಡು ಮೇಯುತ್ತವೆ. ನೀರು ಏರಿದಂತೆ ಮೇಯುವ ಜಾಗ ಕಿರಿದಾಗಿ, ಹಕ್ಕಿಗಳು ನೀರಿನಂಚಿನೊಂದಿಗೆ ದಡದ ಕಡೆಗೆ, ಅಂದರೆ ನೀವು ಕುಳಿತ ಕಡೆಗೆ ಬರುತ್ತವೆ. ಅಲ್ಲದೆ ಅರಬ್ಬಿ ಸಮುದ್ರ ಪಶ್ಚಿಮಕ್ಕಿರುವುದರಿಂದ ಬೆಳಗಿನ ಬಿಸಿಲು ನಿಮ್ಮ ಬೆನ್ನಿಗೆ, ಹಕ್ಕಿಯ ಮುಖಕ್ಕೆ ಬೀಳುತ್ತದೆ. ಸಂಜೆ ಅದೇ ಜಾಗದಲ್ಲಿ ನಿಂತರೆ ಎಲ್ಲ ಹಕ್ಕಿಗಳೂ ಕಪ್ಪು ನೆರಳುಗಳು. ನೀರೂ ಬೆಳಕೂ ಹೀಗೆ ಒಟ್ಟಿಗೆ ಕೂಡಿಬರುವುದು ತಿಂಗಳಲ್ಲಿ ಎರಡು ಸಲ, ಮೂರು-ನಾಲ್ಕು ದಿನ ಮಾತ್ರ. ಉಳಿದ ಕೆಲಸಗಳನ್ನು ಆ ದಿನಗಳ ಸುತ್ತ ಹೊಂದಿಸಿಕೊಳ್ಳಿ. ದೀಪಾವಳಿ ಅಮಾವಾಸ್ಯೆಯ ರಜೆಯೂ ಇದೇ ಲೆಕ್ಕದಲ್ಲಿ ಬರುತ್ತದೆ.

ತಿಥಿಯ ಲೆಕ್ಕ ಅಂದಾಜಿಗೆ ಮಾತ್ರ. ಹೊರಡುವ ಮುನ್ನ ಸರ್ವೆ ಆಫ್ ಇಂಡಿಯಾದ ಕೋಷ್ಟಕದಲ್ಲೋ ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯಿಸ್ ಜಾಲತಾಣದಲ್ಲೋ ಹತ್ತಿರದ ಬಂದರಿನ ವೇಳೆ ಮತ್ತು ಎತ್ತರ ನೋಡಿ. ಒಂದೇ ದಿನದ ಎರಡು ಭರತಗಳ ಎತ್ತರ ಒಂದೇ ಆಗಿರುವುದಿಲ್ಲ. ಹಗಲಿನದು ಚಿಕ್ಕದಾಗಿದ್ದರೆ ಕೆಸರು ಪೂರ್ತಿ ಮುಳುಗದೆ ಹಕ್ಕಿಗಳು ದೂರದಲ್ಲೇ ಉಳಿಯಬಹುದು. ಕೋಷ್ಟಕದ ವೇಳೆ ಬಂದರಿನದು ಎಂಬುದೂ ಮುಖ್ಯ. ಅಳಿವೆ ಬಾಯಿಯಿಂದ ಹೊಳೆಯ ಒಳಗೆ ಹೋದಷ್ಟೂ ಭರತ ತಡವಾಗಿ ತಲುಪುತ್ತದೆ. ಎಷ್ಟು ತಡ ಎಂಬುದನ್ನು ಅಲ್ಲಿ ಬಲೆ ಬೀಸುವವರನ್ನೇ ಕೇಳಿ. ಅವರ ಲೆಕ್ಕ ಯಾವ ಆ್ಯಪ್‌ಗಿಂತಲೂ ನಿಖರ.

ಸೆಪ್ಟೆಂಬರಿನಲ್ಲಿ ಘಟ್ಟದಲ್ಲಿ ಜೋರು ಮಳೆಯಾಗಿದ್ದರೆ ಈ ಲೆಕ್ಕವೆಲ್ಲ ತಪ್ಪುತ್ತದೆ. ಹೊಳೆ ತುಂಬಿ ಹರಿಯುವಾಗ ಇಳಿತದಲ್ಲೂ ಕೆಸರು ತೆರೆಯುವುದಿಲ್ಲ. ಅಂಥ ವಾರ ಅಳಿವೆ ಬಿಟ್ಟು ಮರಳ ದಂಡೆಗೋ ಗದ್ದೆ ಬಯಲಿಗೋ ಹೋಗಿ.

ಎಲ್ಲಿ ನಿಲ್ಲುವುದು

ಕರ್ನಾಟಕದಲ್ಲಿ ಒಂದೇ ಜಾಗಕ್ಕೆ ಹೋಗಲು ಸಾಧ್ಯವಿದ್ದರೆ ಅದು ಅಘನಾಶಿನಿ ಆಗಲಿ. ಕುಮಟಾ ತಾಲೂಕಿನ ಈ ಅಳಿವೆ 2024ರಲ್ಲಿ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲವಾಯಿತು, ವಿಸ್ತಾರ 4,801 ಹೆಕ್ಟೇರ್. ಹೊಳೆಗೆ ದೊಡ್ಡ ಅಣೆಕಟ್ಟು ಇಲ್ಲದಿರುವುದರಿಂದ ಸಿಹಿನೀರೂ ಉಪ್ಪುನೀರೂ ಸಹಜವಾಗಿ ಬೆರೆಯುತ್ತವೆ. ಬಳಚು (ಚಿಪ್ಪುಜೀವಿ), ಏಡಿ, ಹುಳುಗಳಿಂದ ತುಂಬಿದ ಕೆಸರು, ಕಾಂಡ್ಲಾ (ಮ್ಯಾಂಗ್ರೋವ್) ವನ, ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳು, ಸಾಣಿಕಟ್ಟೆಯ ಉಪ್ಪಿನ ಆಗರ, ಇಷ್ಟೂ ಕೆಲವೇ ಕಿಲೋಮೀಟರಿನೊಳಗಿವೆ. ನೀರು ಏರುವಾಗ ತದಡಿ ಕಡೆಯ ಕೆಸರಂಚಿನಲ್ಲಿ ಕುಳಿತು, ಭರತ ಪೂರ್ತಿಯಾಗುವ ಮುನ್ನ ಉಪ್ಪಿನ ಆಗರದ ಬದುಗಳ ಕಡೆಗೆ ಹೋಗಿ. ಕೆಸರಿನಿಂದ ಎದ್ದ ಹಕ್ಕಿಗಳು ನೀರು ಇಳಿಯುವವರೆಗೆ ಇಂಥ ಬದುಗಳಲ್ಲಿ ಒತ್ತೊತ್ತಾಗಿ ನಿಂತು ವಿಶ್ರಮಿಸುತ್ತವೆ. ವಿಂಬ್ರೆಲ್, ಟೆರೆಕ್ ಸ್ಯಾಂಡ್‌ಪೈಪರ್, ರೆಡ್‌ಶ್ಯಾಂಕ್‌ಗಳು ಕಾಂಡ್ಲಾ ಕೊಂಬೆಗಳ ಮೇಲೂ ಕೂರುತ್ತವೆ. ನೆಲವನ್ನಷ್ಟೇ ಹುಡುಕಿದವರಿಗೆ ಇವು ತಪ್ಪಿಹೋಗುತ್ತವೆ. ಗಜನಿಗೂ ಆಗರಕ್ಕೂ ಇಳಿಯುವ ಮುನ್ನ ಕೆಲಸದಲ್ಲಿರುವವರ ಒಪ್ಪಿಗೆ ಕೇಳಿ. ಬದು ಕುಸಿದರೆ ಉಪ್ಪುನೀರು ನುಗ್ಗಿ ಅವರ ಬೆಳೆ ಹಾಳಾಗುತ್ತದೆ.

ದಕ್ಷಿಣದವರಿಗೆ ಸುವರ್ಣಾ-ಸೀತಾ ನದಿಗಳು ಕೂಡುವ ಕೋಡಿ ಬೆಂಗ್ರೆ, ಪಂಚಗಂಗಾವಳಿಯ ಗಂಗೊಳ್ಳಿ-ಕುಂದಾಪುರ ಕೋಡಿ, ನಂದಿನಿ-ಶಾಂಭವಿ ಸೇರುವ ಸಸಿಹಿತ್ಲು, ನೇತ್ರಾವತಿ ಅಳಿವೆಯ ಉಳ್ಳಾಲ ಬದಿ ಹತ್ತಿರ. ಇವುಗಳಲ್ಲಿ ನೋಡಬೇಕಾದದ್ದು ಹೊಳೆಬಾಯಿಯ ಮರಳ ದಿಬ್ಬದ ತುದಿ. ರೀವಗಳೂ (ಟರ್ನ್) ಗಲ್‌ಗಳೂ ಗುಂಪಾಗಿ ಕೂರುವುದು ಅಲ್ಲೇ. ಬರಿಯ ಮರಳ ದಂಡೆಯಲ್ಲಿ ಸ್ಯಾಂಡರ್ಲಿಂಗ್, ಕೆಂಟಿಶ್ ಪ್ಲೋವರ್‌ಗಳನ್ನು ಹುಡುಕಿ. ಅಲೆತಡೆ ಗೋಡೆಯ ಕಲ್ಲುಗಳಲ್ಲಿ ಮತ್ತು ಕಾಪುವಿನಂಥ ಬಂಡೆಗಳಲ್ಲಿ ರಡ್ಡಿ ಟರ್ನ್‌ಸ್ಟೋನ್, ವೆಸ್ಟರ್ನ್ ರೀಫ್ ಇಗ್ರೆಟ್ ಸಿಗುತ್ತವೆ. ಕಾರವಾರದ ಕಾಳಿ ಅಳಿವೆಯೂ ಒಳ್ಳೆಯ ಜಾಗ. ಆದರೆ ನೌಕಾನೆಲೆಯ ಕಡೆಗೆ ದುರ್ಬೀನು, ಲೆನ್ಸ್ ತಿರುಗಿಸಬೇಡಿ, ಬಂದರುಗಳ ಒಳಗೆ ಕೇಳದೆ ಚಿತ್ರ ತೆಗೆಯಬೇಡಿ.

ಜೊತೆಗೆ ಒಯ್ಯುವುದು

8x42 ಅಥವಾ 10x42 ದುರ್ಬೀನು ಸಾಕು. ಕಡಲ ಗಾಳಿಯಲ್ಲಿ ಕೈ ಅಲುಗುವುದರಿಂದ 10ಕ್ಕಿಂತ ಹೆಚ್ಚಿನ ವರ್ಧನೆ ಕೈಯಲ್ಲಿ ನಿಲ್ಲದು. ಗುಂಪಿನಲ್ಲಿ ಒಬ್ಬರ ಬಳಿಯಾದರೂ 20-60 ವರ್ಧನೆಯ ಸ್ಪಾಟಿಂಗ್ ಸ್ಕೋಪ್ ಇದ್ದರೆ ದೂರದ ದಿಬ್ಬವೂ ಸಿಗುತ್ತದೆ. ಸ್ಕೋಪ್ ಅನ್ನು 25-30ರ ಮೇಲೆ ಒಯ್ದು ಫಲವಿಲ್ಲ, ಬಿಸಿಲೇರಿದ ಮೇಲೆ ಮರಳಿನಿಂದ ಏಳುವ ಝಳದಲ್ಲಿ ಎಲ್ಲವೂ ನೀರಿನಡಿ ಇದ್ದಂತೆ ಅಲೆಯುತ್ತದೆ. ಟ್ರೈಪಾಡ್ ಕಾಲುಗಳನ್ನು ಗಿಡ್ಡ ಮಾಡಿ, ಕುಳಿತು ನೋಡಿ.

ಕಾಲಿಗೆ ಲೇಸ್ ಬಿಗಿದ ಹಳೆಯ ಕ್ಯಾನ್ವಾಸ್ ಬೂಟು ಹಾಕಿ. ಗಮ್‌ಬೂಟು ಕೆಸರಿನಲ್ಲಿ ಹೂತು ಕಾಲು ಮಾತ್ರ ಮೇಲೆ ಬರುತ್ತದೆ, ಚಪ್ಪಲಿಯಲ್ಲಿ ಹೋದರೆ ಚಿಪ್ಪುಗಳು ಅಂಗಾಲು ಸೀಳುತ್ತವೆ. ಟೋಪಿ, ಒಬ್ಬೊಬ್ಬರಿಗೆ 2 ಲೀಟರ್ ಕುಡಿಯುವ ನೀರು, ಮಳೆಗೆ ಪ್ಲಾಸ್ಟಿಕ್ ಹೊದಿಕೆ ಬೇಕು. ಅಕ್ಟೋಬರ್ ಮಧ್ಯಾಹ್ನಗಳಲ್ಲಿ ಗುಡುಗು-ಮಿಂಚು ಸಾಮಾನ್ಯ. ಮೂಡಲಲ್ಲಿ ಮೋಡ ಕಪ್ಪಾದ ಕೂಡಲೇ ಬಯಲು ಬಿಟ್ಟು ಬನ್ನಿ, ಟ್ರೈಪಾಡ್ ಹಿಡಿದು ದಿಬ್ಬದ ಮೇಲೆ ನಿಲ್ಲಬೇಡಿ. ಮನೆಗೆ ಬಂದ ಮೇಲೆ ಲೆನ್ಸಿನ ಮರಳನ್ನು ಮೊದಲು ಊದಿ ತೆಗೆಯಿರಿ. ಒಣಬಟ್ಟೆಯಲ್ಲಿ ಒರೆಸಿದರೆ ಗಾಜಿನ ಮೇಲೆ ಗೀರು ಬೀಳುತ್ತದೆ. ಹೊರಮೈಯ ಉಪ್ಪನ್ನು ಸಿಹಿನೀರಿನ ಒದ್ದೆಬಟ್ಟೆಯಿಂದ ಒರೆಸಿ, ಸಿಲಿಕಾ ಜೆಲ್ ಇಟ್ಟ ಡಬ್ಬದಲ್ಲಿ ಮುಚ್ಚಿಡಿ. ಕರಾವಳಿಯ ತೇವದಲ್ಲಿ ಚೀಲದೊಳಗೇ ಬಿಟ್ಟರೆ ಲೆನ್ಸಿಗೆ ಬೂಸ್ಟು ಹಿಡಿಯುತ್ತದೆ.

ಜಾಗ ತಲುಪಿದ ಮೇಲೆ

ಭರತ ಪೂರ್ತಿಯಾಗಲು ಮೂರು ಗಂಟೆ ಇರುವಾಗಲೇ ತಲುಪಿ. ಹಕ್ಕಿಗಳತ್ತ ನಡೆಯಬೇಡಿ. ನೀರು ಎಲ್ಲಿಯವರೆಗೆ ಬರುತ್ತದೆ ಎಂಬುದನ್ನು ದಡದ ಕಸದ ಗೆರೆ ನೋಡಿ ತಿಳಿದು, ಅದರ ಹಿಂದೆ ಪೊದೆ ಅಥವಾ ದೋಣಿಯ ಮರೆಯಲ್ಲಿ ಕುಳಿತು ಕಾಯಿರಿ. ಎದ್ದು ನಿಂತ ಮನುಷ್ಯನ ಆಕಾರಕ್ಕೆ ಅವು ಹೆಚ್ಚು ಬೆದರುತ್ತವೆ.

ಇಳಿತದಲ್ಲಿ ಕಾಲ್ನಡಿಗೆಯಲ್ಲಿ ದಾಟಿ ನಡುನೀರಿನ ದಿಬ್ಬಕ್ಕೆ ಹೋಗುವುದು ಅಪಾಯ. ಭರತದಲ್ಲಿ ದಿಬ್ಬ ಮುಳುಗುವುದಕ್ಕಿಂತ ಎಷ್ಟೋ ಮೊದಲು ಅದರ ಹಿಂದಿನ ಕಾಲುವೆ ತುಂಬಿ ದಾರಿ ಕಡಿಯುತ್ತದೆ. ಹೋಗಲೇಬೇಕಿದ್ದರೆ ಸ್ಥಳೀಯ ಮೀನುಗಾರರ ದೋಣಿಯಲ್ಲಿ, ಅವರು ಹೇಳಿದ ಹೊತ್ತಿಗೆ ಹಿಂದಿರುಗುವ ಒಪ್ಪಂದದ ಮೇಲೆ ಹೋಗಿ.

ಕುಳಿತ ಮೇಲೆ ಮೊದಲು ಹತ್ತಿರದ ಒಣ ಮರಳನ್ನು ಎಡದಿಂದ ಬಲಕ್ಕೆ ನಿಧಾನವಾಗಿ ನೋಡಿ, ಆಮೇಲೆ ನೀರಂಚು, ಕೊನೆಗೆ ದೂರದ ದಿಬ್ಬ. ಅಲುಗದೆ ನಿಂತ ಸಣ್ಣ ಪ್ಲೋವರ್‌ಗಳು ಮರಳಿನ ಬಣ್ಣದಲ್ಲೇ ಕರಗಿರುತ್ತವೆ. ಪ್ಲೋವರ್ ಓಡಿ, ನಿಂತು, ಬಗ್ಗಿ ಕುಕ್ಕುತ್ತದೆ, ಕಣ್ಣಿಂದ ಹುಡುಕುವ ಹಕ್ಕಿ ಅದು. ಸ್ಯಾಂಡ್‌ಪೈಪರ್ ನಡೆಯುತ್ತಲೇ ಕೆಸರಿಗೆ ಕೊಕ್ಕು ಚುಚ್ಚುತ್ತಿರುತ್ತದೆ. ಹೆಸರು ಹುಡುಕುವ ಮುನ್ನ ಇಷ್ಟನ್ನು ಗಮನಿಸಿದರೆ ಅರ್ಧ ಪುಸ್ತಕ ತಿರುವುವುದು ತಪ್ಪುತ್ತದೆ.

ಇಡೀ ಗುಂಪು ಒಮ್ಮೆಲೇ ಎದ್ದರೆ ತಲೆಯೆತ್ತಿ ನೋಡಿ, ಪೆರೆಗ್ರಿನ್ ಫಾಲ್ಕನ್ ಎಂಬ ಬೇಟೆಹಕ್ಕಿ ಬಂದಿರಬಹುದು. ಮೇಲೆ ಏನೂ ಇಲ್ಲದಿದ್ದರೆ ಕಾರಣ ನಾಯಿಯೋ ನೀವೋ ಆಗಿರುತ್ತೀರಿ. ಸಾವಿರಾರು ಕಿಲೋಮೀಟರ್ ಹಾರಿ ಬಂದ ಹಕ್ಕಿಗೆ ದಿನದಲ್ಲಿ ಹೊಟ್ಟೆ ತುಂಬಿಸಿಕೊಳ್ಳಲು ಸಿಗುವುದು ಕೆಸರು ತೆರೆದಿರುವ ಹೊತ್ತು, ವಿಶ್ರಾಂತಿಗೆ ಸಿಗುವುದು ಭರತದ ಹೊತ್ತು. ಎರಡನ್ನೂ ಕಸಿಯುವ ಹಕ್ಕು ನಮಗಿಲ್ಲ. ಗರಿ ತೀಡುತ್ತಿದ್ದವು ನಿಲ್ಲಿಸಿ ಕತ್ತು ಉದ್ದ ಮಾಡಿದರೆ ಅಲ್ಲೇ ನಿಲ್ಲಿ, ಒಂದೆರಡು ಹೆಜ್ಜೆ ಹಿಂದೆ ಸರಿಯಿರಿ. ಹಾರುವ ಚಿತ್ರಕ್ಕಾಗಿ ಗುಂಪನ್ನು ಎಬ್ಬಿಸುವವರ ಜೊತೆ ಹೋಗಬೇಡಿ. ಡ್ರೋನ್ ಬೇಡವೇ ಬೇಡ.

ತಪ್ಪು ಗುರುತು ಹೆಚ್ಚಾಗುವ ಕಡೆ

ಸ್ಯಾಂಡ್ ಪ್ಲೋವರ್‌ಗಳಿಂದ ಶುರುಮಾಡೋಣ, ಇಲ್ಲಿ ಎಲ್ಲರೂ ಎಡವುತ್ತಾರೆ. ಹಳೆಯ ಪುಸ್ತಕಗಳ ಲೆಸ್ಸರ್ ಸ್ಯಾಂಡ್ ಪ್ಲೋವರ್ ಈಗ ಎರಡು ಪ್ರಭೇದ. ನಮ್ಮಲ್ಲಿಗೆ ದೊಡ್ಡ ಸಂಖ್ಯೆಯಲ್ಲಿ ಬರುವುದು ಟಿಬೆಟನ್. ಅದರೊಂದಿಗೆ ಗ್ರೇಟರ್ ಸ್ಯಾಂಡ್ ಪ್ಲೋವರ್ ಬೆರೆತಿರುತ್ತದೆ. ಗಾತ್ರ ನಂಬಬೇಡಿ, ಒಂಟಿ ಹಕ್ಕಿ ಯಾವಾಗಲೂ ದೊಡ್ಡದಾಗಿ ಕಾಣುತ್ತದೆ. ಪಕ್ಕದಿಂದ ನೋಡಿ, ಕೊಕ್ಕಿನ ಬುಡದಿಂದ ಕಣ್ಣಿನ ಹಿಂದಂಚಿನವರೆಗಿನ ದೂರವನ್ನು ಕೊಕ್ಕಿನ ಉದ್ದದೊಂದಿಗೆ ಹೋಲಿಸಿ. ಕೊಕ್ಕು ಅದಕ್ಕಿಂತ ಸ್ಪಷ್ಟವಾಗಿ ಉದ್ದ, ದಪ್ಪ, ತುದಿ ಚೂಪಾಗುತ್ತ ಹೋಗಿದ್ದರೆ ಗ್ರೇಟರ್. ಅದರ ಕಾಲು ಉದ್ದ, ಬಣ್ಣ ಹಸಿರು ಅಥವಾ ಹಳದಿ ಬೆರೆತ ತಿಳಿ. ಟಿಬೆಟನ್ ಕಾಲು ಸಾಮಾನ್ಯವಾಗಿ ಗಾಢ. ಆದರೆ ಕೆಸರು ಮೆತ್ತಿದ ಕಾಲಿನ ಬಣ್ಣ ನೋಡಿ ತೀರ್ಮಾನಿಸಬೇಡಿ. ಹಾರುವಾಗ ಗ್ರೇಟರ್‌ನ ಬೆರಳುಗಳು ಬಾಲದಾಚೆ ಚಾಚಿರುತ್ತವೆ. ಕತ್ತಿನ ಹಿಂದೆ ಪೂರ್ತಿ ಬಿಳಿ ಪಟ್ಟಿ ಕಂಡರೆ ಅದು ಇವೆರಡೂ ಅಲ್ಲ, ಕೆಂಟಿಶ್ ಪ್ಲೋವರ್. ಖಚಿತವಾಗದಿದ್ದರೆ ‘ಸ್ಯಾಂಡ್ ಪ್ಲೋವರ್, ಪ್ರಭೇದ ತಿಳಿಯದು’ ಎಂದು ಬರೆಯುವುದೇ ಸರಿಯಾದ ದಾಖಲೆ.

ಗ್ರೇ ಮತ್ತು ಪೆಸಿಫಿಕ್ ಗೋಲ್ಡನ್ ಪ್ಲೋವರ್‌ಗಳ ಗೊಂದಲ ಹಕ್ಕಿ ರೆಕ್ಕೆ ಎತ್ತಿದ ಕ್ಷಣ ಬಗೆಹರಿಯುತ್ತದೆ. ಕಂಕುಳಲ್ಲಿ ಕಪ್ಪು ಮಚ್ಚೆ ಇದ್ದರೆ ಗ್ರೇ.

ವಿಂಬ್ರೆಲ್‌ಗೂ ಕರ್ಲ್ಯೂಗೂ ಬಾಗಿದ ಕೊಕ್ಕು. ಕರ್ಲ್ಯೂ ಮರಿಯ ಕೊಕ್ಕು ಗಿಡ್ಡವಾಗಿರುವುದರಿಂದ ಉದ್ದವೊಂದನ್ನೇ ನೋಡಿದರೆ ಶರತ್ಕಾಲದಲ್ಲಿ ತಪ್ಪುತ್ತೀರಿ. ನೆತ್ತಿಯ ಮೇಲೆ ಗಾಢ ಪಟ್ಟೆಗಳಿದ್ದರೆ, ಹಾರುವಾಗ ಒಂದೇ ಸಮನೆ ಏಳೆಂಟು ಸಲ ಸಿಳ್ಳೆ ಹಾಕಿದರೆ ವಿಂಬ್ರೆಲ್. ರೆಡ್‌ಶ್ಯಾಂಕ್‌ಗೆ ಕೆಂಗಿತ್ತಳೆ ಕಾಲು, ಹಾರಿದಾಗ ರೆಕ್ಕೆಯ ಹಿಂದಂಚಿನಲ್ಲಿ ಅಗಲ ಬಿಳಿ. ಗ್ರೀನ್‌ಶ್ಯಾಂಕ್ ಕೊಕ್ಕು ದಪ್ಪ, ತುಸು ಮೇಲಕ್ಕೆ ಬಾಗಿದ್ದು, ಕೂಗು ಮೂರು ಸ್ವರದ್ದು. ಮಾರ್ಶ್ ಸ್ಯಾಂಡ್‌ಪೈಪರ್ ಅದರದೇ ಸಣಕಲು ರೂಪ, ಕೊಕ್ಕು ಸೂಜಿಯಷ್ಟು ತೆಳು ಮತ್ತು ನೇರ. ಗಿಡ್ಡ ಹಳದಿ ಕಾಲಿನ ಮೇಲೆ, ಮೇಲಕ್ಕೆ ಬಾಗಿದ ಉದ್ದ ಕೊಕ್ಕಿಟ್ಟುಕೊಂಡು ಏಡಿಯ ಹಿಂದೆ ದಡಬಡ ಓಡುವುದು ಟೆರೆಕ್, ಅದನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ.

ರೀವಗಳಲ್ಲಿ ಕೊಕ್ಕಿನ ಬಣ್ಣ ಓದಿ. ಗ್ರೇಟರ್ ಕ್ರೆಸ್ಟೆಡ್‌ಗೆ ಹಳದಿ, ಲೆಸ್ಸರ್ ಕ್ರೆಸ್ಟೆಡ್‌ಗೆ ಕಿತ್ತಳೆ, ಕ್ಯಾಸ್ಪಿಯನ್‌ಗೆ ದಪ್ಪ ಕೆಂಪು, ಗಲ್-ಬಿಲ್ಡ್‌ಗೆ ದಪ್ಪ ಕಪ್ಪು. ಸೂರ್ಯ ಕೆಂಪಾಗಿರುವ ಹೊತ್ತಿನಲ್ಲಿ ಹಳದಿಯೂ ಕಿತ್ತಳೆಯಾಗಿ ಕಾಣುತ್ತದೆ, ಎಚ್ಚರ. ಬ್ರೌನ್-ಹೆಡೆಡ್ ಗಲ್‌ನ ಕಪ್ಪು ರೆಕ್ಕೆತುದಿಯಲ್ಲಿ ಬಿಳಿ ಮಚ್ಚೆ, ವಯಸ್ಕ ಹಕ್ಕಿಯ ಕಣ್ಣು ತಿಳಿ. ಬ್ಲ್ಯಾಕ್-ಹೆಡೆಡ್‌ಗೆ ರೆಕ್ಕೆಯ ಮುಂದಂಚು ಬಿಳಿ, ಕಣ್ಣು ಕಪ್ಪು. ಹೆಸರಿನ ಬಣ್ಣವನ್ನು ತಲೆಯಲ್ಲಿ ಹುಡುಕಬೇಡಿ, ಈ ಕಾಲದಲ್ಲಿ ಎರಡರ ತಲೆಯೂ ಬಿಳಿ, ಕಿವಿಯ ಬಳಿ ಒಂದು ಮಸಿ ಚುಕ್ಕೆ ಮಾತ್ರ.

ಎಣಿಕೆ ಮತ್ತು ದಾಖಲೆ

ಕುಳಿತ ಕೂಡಲೇ ಒಟ್ಟು ಸಂಖ್ಯೆ ಅಂದಾಜು ಮಾಡಿ, ಪ್ರಭೇದಗಳನ್ನು ಆಮೇಲೆ ಬಿಡಿಸಿ. ದೋಣಿಯೊಂದು ಬಂದರೆ ಗುಂಪು ಹೊರಟೇಹೋಗುತ್ತದೆ. ಮೊದಲು 10 ಹಕ್ಕಿಗಳನ್ನು ಒಂದೊಂದಾಗಿ ಎಣಿಸಿ, ಅವು ಎಷ್ಟು ಜಾಗ ಹಿಡಿದಿವೆ ಎಂದು ಕಣ್ಣಲ್ಲಿಟ್ಟುಕೊಂಡು ಅದೇ ಅಳತೆಯಲ್ಲಿ ಗುಂಪಿನುದ್ದಕ್ಕೂ ಸಾಗಿ. ಗುಂಪು 500 ದಾಟಿದರೆ 50ರ ಅಳತೆ ಹಿಡಿಯಿರಿ. ಒತ್ತಾಗಿ ನಿಂತ ಗುಂಪಿನಲ್ಲಿ ಅಂದಾಜು ಸಾಮಾನ್ಯವಾಗಿ ಕಡಿಮೆಯೇ ಬರುತ್ತದೆ, ಏಕೆಂದರೆ ಹಿಂದಿನ ಸಾಲು ಮುಂದಿನದರ ಮರೆಯಲ್ಲಿರುತ್ತದೆ. ಬೆರಕೆ ಗುಂಪಾದರೆ ಎಡ, ನಡು, ಬಲ ಮೂರೂ ಕಡೆಯಿಂದ ಸೇರಿ 100 ಹಕ್ಕಿಗಳನ್ನು ಗುರುತಿಸಿ, ಆ ಪ್ರಮಾಣವನ್ನು ಒಟ್ಟಿಗೆ ಅನ್ವಯಿಸಿ. ಸಣ್ಣವು ಅಂಚಿಗೆ, ದೊಡ್ಡವು ನೀರಿಗೆ ಹೀಗೆ ವಿಂಗಡವಾಗಿ ನಿಲ್ಲುವುದರಿಂದ ಒಂದೇ ಕಡೆಯ ಮಾದರಿ ಸಾಲದು.

ಇ-ಬರ್ಡ್‌ ಎಂಬ ಹಕ್ಕಿ ದಾಖಲೆಗಳ ಜಾಲತಾಣಕ್ಕೆ ಹಾಕುವಾಗ ಒಂದು ಅಳಿವೆಗೆ ಒಂದು ಪಟ್ಟಿ ಮಾಡಿ, ಗೋಕರ್ಣದಿಂದ ಹೊನ್ನಾವರದವರೆಗೆ ಕಂಡದ್ದನ್ನೆಲ್ಲ ಒಂದರಲ್ಲೇ ತುಂಬಬೇಡಿ. ಶುರುವಾದ ವೇಳೆ, ಕಳೆದ ನಿಮಿಷ, ನೀರು ಏರುತ್ತಿತ್ತೋ ಇಳಿಯುತ್ತಿತ್ತೋ ಎಂಬುದನ್ನು ಟಿಪ್ಪಣಿಯಲ್ಲಿ ಬರೆಯಿರಿ. ಆ ಒಂದು ಸಾಲಿಲ್ಲದಿದ್ದರೆ ಬೇರೆ ವರ್ಷದ ಪಟ್ಟಿಯೊಂದಿಗೆ ನಿಮ್ಮದನ್ನು ಹೋಲಿಸಲಾಗುವುದಿಲ್ಲ. ಅಳಿವೆಯೊಂದಕ್ಕೆ ಬಂದರಿನ ಯೋಜನೆಯೋ ಮರಳುಗಾರಿಕೆಯೋ ಬಂದಾಗ ಹಕ್ಕಿಗಳ ಪರವಾಗಿ ಇಡಬಹುದಾದ ಕಾಗದ ಇಂಥ ಎಣಿಕೆಯೇ.

ಕಾಲಿನಲ್ಲಿ ಬಣ್ಣದ ಪಟ್ಟಿ ಅಥವಾ ಲೋಹದ ಉಂಗುರ ಕಂಡರೆ ಚಿತ್ರ ತೆಗೆಯಿರಿ. ಎಡಗಾಲೋ ಬಲಗಾಲೋ, ಮಂಡಿಯಂತೆ ಕಾಣುವ ಗಂಟಿನ ಮೇಲೋ ಕೆಳಗೋ, ಬಣ್ಣಗಳ ಅನುಕ್ರಮ, ಅಕ್ಷರ-ಅಂಕಿಗಳು ಇಷ್ಟನ್ನೂ ಅಲ್ಲೇ ಬರೆದುಕೊಳ್ಳಿ. ಎಡ-ಬಲ ಎಂದರೆ ಹಕ್ಕಿಯ ಎಡ-ಬಲ, ನಿಮ್ಮದಲ್ಲ. ಮಾಹಿತಿಯನ್ನು ಮುಂಬಯಿಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿದರೆ ಆ ಹಕ್ಕಿಗೆ ಎಲ್ಲಿ, ಯಾವಾಗ ಉಂಗುರ ತೊಡಿಸಿದರೆಂದು ತಿಳಿಯುವ ದಾರಿಯಾಗುತ್ತದೆ.

ದಡಕ್ಕೆ ಬಿದ್ದ ಹಕ್ಕಿ ಸಿಕ್ಕರೆ

ಮಳೆಗಾಲದ ಬಿರುಗಾಳಿಯಲ್ಲಿ, ಕೆಲವೊಮ್ಮೆ ಸೆಪ್ಟೆಂಬರಿನವರೆಗೂ, ನಡುಗಡಲಿನ ಬೂಬಿ, ಶಿಯರ್‌ವಾಟರ್, ಸೂಟಿ ಟರ್ನ್‌ಗಳು ಸೋತು ದಂಡೆಗೆ ಬೀಳುತ್ತವೆ. ಕರುಣೆಯಿಂದ ಅವನ್ನು ಎತ್ತಿ ಮತ್ತೆ ಸಮುದ್ರಕ್ಕೆ ಎಸೆಯುವವರಿದ್ದಾರೆ. ಗರಿ ನೆನೆದು ಶಕ್ತಿ ಬತ್ತಿದ ಹಕ್ಕಿ ಹಾಗೆ ಮಾಡಿದರೆ ಮುಳುಗುತ್ತದೆ. ದಪ್ಪ ಟವೆಲನ್ನು ತಲೆ ಸಮೇತ ಹೊದಿಸಿ, ರೆಕ್ಕೆಗಳನ್ನು ಮೈಗೆ ಸೇರಿಸಿ ಹಿಡಿದು, ಗಾಳಿಗೆ ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲಾಗಿ, ತಂಪಾಗಿ ಇಡಿ. ಬೂಬಿಯ ಕೊಕ್ಕು ಕತ್ತರಿಸುವಷ್ಟು ಹರಿತ, ಮುಖದಿಂದ ದೂರ ಹಿಡಿಯಿರಿ. ಆದರೆ ಕೊಕ್ಕಿಗೆ ದಾರ ಅಥವಾ ಟೇಪ್ ಸುತ್ತಬೇಡಿ. ಬೂಬಿಗೆ ಹೊರಗೆ ತೆರೆದ ಮೂಗಿನ ಹೊಳ್ಳೆಗಳಿಲ್ಲ, ಬಾಯಿಯಿಂದ ಉಸಿರಾಡುತ್ತದೆ, ಕಟ್ಟಿದರೆ ಉಸಿರುಗಟ್ಟಿ ಸಾಯುತ್ತದೆ. ಬಾಯಿಗೆ ನೀರು ಸುರಿಯುವುದು, ಮೀನು ತುರುಕುವುದು ಬೇಡ. ಹತ್ತಿರದ ವಲಯ ಅರಣ್ಯ ಕಚೇರಿಗೆ ಕರೆ ಮಾಡಿ, ಸಿಕ್ಕ ಜಾಗ ಮತ್ತು ವೇಳೆಯನ್ನು ಪೆಟ್ಟಿಗೆಯ ಮೇಲೇ ಬರೆದು ಕೊಡಿ.